ಗುಂಡಿಯ ಇನ್ನರ್ಧ

ಅಂಗಿಯ ಗುಂಡಿಯೊಂದರ ಇನ್ನರ್ಧ ಎಲ್ಲಿ ಹೋಯಿತು ಎನ್ನುವುದು ಯಾರ ಮುಂದಾದರೂ ಹೇಳಿಕೊಳ್ಳುವಂಥ ಚಿಂತೆಯೇನಲ್ಲ. ಅವಳು ಹೇಳಿಕೊಂಡದ್ದೂ ದಿನಚರಿಗೆ ಮಾತ್ರ. ‘ಗರಗಸದ ಕೆಳಗೆ ಗುಡಿಸುವಾಗ ಅರ್ಧ ಗುಂಡಿ ಸಿಕ್ಕಿತು. ಒಡೆದದ್ದಲ್ಲ, ಕೊಯ್ದದ್ದು’ ಎಂದು ಬರೆದು, ಆ ಚೂರನ್ನು ಅದೇ ಪುಟದ ಮೇಲಿಟ್ಟು ಪುಸ್ತಕ ಮುಚ್ಚಿದ್ದಳು. ಬೆಳಿಗ್ಗೆ ತೆರೆದಾಗ ಹಾಳೆಯ ಮೇಲೆ ಅರ್ಧಚಂದ್ರದ ಒತ್ತು ಬಿದ್ದಿತ್ತು. ಒಡೆದ ಗುಂಡಿಯ ಅಂಚು ತರಿತರಿಯಾಗಿರುತ್ತದೆ. ಇದರದ್ದು ಬೆರಳಾಡಿಸಿದರೆ ಜಾರುವಷ್ಟು ನುಣುಪಾಗಿತ್ತು.

“ಮಾತಿನಮಲ್ಲಿ, ಎದ್ದಿದ್ದೀಯೋ ಇಲ್ವೋ? ನಿಮ್ಮಪ್ಪ ಆಗ್ಲೇ ಮೂರು ಸಲ ಕೆಮ್ಮಾಯ್ತು” ಎಂದು ಅತ್ತೆ ಅಡುಗೆಮನೆಯಿಂದ ಕೂಗಿದಳು.

ಅತ್ತೆಯೆಂದರೆ ಅಪ್ಪನ ಅಕ್ಕ. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚೆನ್ನುವ ಈ ಹುಡುಗಿಗೆ ಮಾತಿನಮಲ್ಲಿ ಎಂದು ಹೆಸರಿಟ್ಟವಳೂ ಅವಳೇ. ಅಪ್ಪನಿಗಂತೂ ಮಗಳನ್ನು ಹೆಸರು ಹಿಡಿದು ಕರೆಯುವ ರೂಢಿಯಿಲ್ಲ. ಕೆಮ್ಮುತ್ತಾನೆ, ಅವಳು ಇಳಿದು ಬರುತ್ತಾಳೆ. ಪದವಿ ಮುಗಿಸಿ ಎರಡು ವರ್ಷವಾಗಿತ್ತು. ಸಂದರ್ಶನಗಳಲ್ಲಿ ಗೊತ್ತಿದ್ದ ಉತ್ತರವೂ ಗಂಟಲಲ್ಲೇ ಸಿಕ್ಕಿಕೊಂಡು, ಕೊನೆಗೆ ಅವಳು ಮನೆಯ ಕೆಳಗಿನ ಕೋಣೆಯಲ್ಲೇ ಅಪ್ಪನ ಜೊತೆ ನಿಂತುಬಿಟ್ಟಿದ್ದಳು. ಅಲ್ಲಿ ಫೋಟೋ ಚೌಕಟ್ಟು ಮಾಡುವ ಕೆಲಸ. ಮರಕ್ಕೆ ಮಾತು ಬೇಕಿರಲಿಲ್ಲ.

ಅಪ್ಪ ಗರಗಸದ ಮುಂದೆ ನಿಂತಿದ್ದ. ಮರದ ಪಟ್ಟಿಗಳ ತುದಿಯನ್ನು ಓರೆಯಾಗಿ ಕತ್ತರಿಸುವ ಮೈಟರ್ ಗರಗಸ ಅದು. ಹಿಡಿ ಒತ್ತಿದರೆ ತಿರುಗುವ ಬ್ಲೇಡು ಮೇಲಿಂದ ಕೆಳಗಿಳಿಯುತ್ತದೆ. ಪಕ್ಕದ ಮೇಜಿನ ಮೇಲೆ ನಿನ್ನೆ ವಾಪಸು ಬಂದ ಎರಡು ಚೌಕಟ್ಟುಗಳಿದ್ದವು. ಒಂದು ಶಾಲೆಯವರು ಮೂವತ್ತಾರು ಹಳೆಯ ಗುಂಪು ಫೋಟೋಗಳಿಗೆ ಚೌಕಟ್ಟು ಹೇಳಿದ್ದರು. ಮೊದಲು ಕೊಟ್ಟ ಹನ್ನೆರಡರಲ್ಲಿ ಎರಡರ ಮೂಲೆ ಬಾಯಿಬಿಟ್ಟಿತ್ತು. ಮೂವತ್ತು ವರ್ಷದಲ್ಲಿ ಅಪ್ಪನ ಕೆಲಸ ಹೀಗೆ ಬಂದ ದಾರಿಯಲ್ಲೇ ತಿರುಗಿ ಬಂದದ್ದು ಇದೇ ಮೊದಲು. ಬೀದಿಯವರು ಅವನನ್ನು ಮೂಲೆ ಮೇಷ್ಟ್ರು ಎನ್ನುತ್ತಿದ್ದದ್ದು ಸುಮ್ಮನೆ ಅಲ್ಲ.

ಅವನ ಮೂಲೆಗೆ ಒಂದು ಪರೀಕ್ಷೆಯಿತ್ತು. ನಾಲ್ಕು ಪಟ್ಟಿ ಜೋಡಿಸಿ ಬಿಗಿದ ಮೇಲೆ ಮಗಳ ಕಡೆ ಕೈ ಚಾಚಿ “ಕೂದಲು” ಎನ್ನುತ್ತಿದ್ದ. ಅವಳು ಚಿಕ್ಕವಳಿದ್ದಾಗಿನಿಂದ ನಡೆದು ಬಂದದ್ದು. ತಲೆಯಿಂದ ಒಂದು ಎಳೆ ಕಿತ್ತು ಕೊಟ್ಟರೆ ಅದನ್ನು ಸಂದಿಗೆ ಒತ್ತಿ ನೋಡುತ್ತಿದ್ದ. ಒಳಗೆ ಹೋಗದಿದ್ದರೆ ಮೂಲೆ ಗೆದ್ದಂತೆ. ಹೋದರೆ ಚೌಕಟ್ಟನ್ನೇ ಮುರಿದು ಒಲೆಗೆ ಹಾಕುತ್ತಿದ್ದ. ಎದುರುಬದುರಿನ ಎರಡು ಪಟ್ಟಿಗಳ ಉದ್ದ ಕೂದಲಿನಷ್ಟು ಹೆಚ್ಚುಕಡಿಮೆಯಾದರೂ ತಪ್ಪೆಲ್ಲ ಸೇರಿ ನಾಲ್ಕನೆಯ ಮೂಲೆಯಲ್ಲಿ ಬಿರುಕಾಗುತ್ತಿತ್ತು. ಒಂದೇ ಉದ್ದ ಬರಲೆಂದು ಅಡ್ಡಕ್ಕೆ ಮಣೆ ಕಟ್ಟಿಕೊಂಡು ಕತ್ತರಿಸುವವರನ್ನು ಕಂಡರೆ ಅವನಿಗೆ ತಾತ್ಸಾರ. ಪೆನ್ಸಿಲಿನ ಗೆರೆ, ತನ್ನ ಕಣ್ಣು, ಅಷ್ಟೇ.

ಮೂರು ತಿಂಗಳ ಹಿಂದೆ ಒಂದು ದಿನ ಅವನು ಕೂದಲನ್ನು ಅವಳ ಕೈಗೇ ವಾಪಸು ಕೊಟ್ಟಿದ್ದ. “ನೀನೇ ನೋಡು. ಇಲ್ಲಿ ಬೆಳಕು ಸರಿಯಿಲ್ಲ.” ಬಲ್ಬು ಬದಲಾಯಿಸಿದರು. ಆಮೇಲೂ ಬೆಳಕು ಸರಿಹೋಗಲಿಲ್ಲ. ಅವಳು ಒತ್ತಿದ ಕೂದಲು ಸಲೀಸಾಗಿ ಒಳಕ್ಕೆ ಜಾರಿತು. ಅಪ್ಪನ ಮುಖ ನೋಡಿದಳು. “ಹೋಗಲ್ಲ ಅಪ್ಪ” ಎಂದಳು. ಅವನು ಊಟಕ್ಕೆ ಮೇಲೆ ಹೋದ ಮೇಲೆ ಮರದಪುಡಿಗೆ ಅಂಟು ಕಲಸಿ ಆ ಸಂದಿಗೆ ತುಂಬಿ, ಬೆರಳಿನಿಂದ ತೀಡಿದಳು. ಅದಾದ ಮೇಲೆ ಎಷ್ಟು ಮೂಲೆಗಳಿಗೆ ಹಾಗೆ ತುಂಬಿದಳೋ ದಿನಚರಿಗೆ ಮಾತ್ರ ಗೊತ್ತು. ಶಾಲೆಯ ಬಿಸಿಲು ಬೀಳುವ ಗೋಡೆಯ ಮೇಲೆ ಆ ಪುಡಿ ಒಣಗಿ ಉದುರಿತ್ತು.

“ನೀನು ನೋಡಿದಾಗ ಹೋಗಿರ್ಲಿಲ್ಲ ಅಲ್ವಾ?” ಎಂದು ಅಪ್ಪ ಈಗ ಕೇಳಿದ.

ಹೋಗಿರಲಿಲ್ಲವೆಂದು ಅವಳು ತಲೆಯಾಡಿಸಿದಳು.

“ಅಂದ್ಮೇಲೆ ಮೂಲೆ ಆಮೇಲೆ ಬಿಟ್ಕೊಂಡಿದೆ. ನಂಗೆ ರಾತ್ರಿಯೆಲ್ಲಾ ಇದೇ ಯೋಚ್ನೆ. ಬ್ಲೇಡು ಮೊಂಡಾಗಿದೆ. ಕತ್ತರಿಸ್ತಿಲ್ಲ, ಉಜ್ಜಿ ಸುಡ್ತಿದೆ. ಸುಟ್ಟ ಮರಕ್ಕೆ ಅಂಟು ಹಿಡಿಯಲ್ಲ.” ಅವನು ಒಂದು ಚೀಟಿ ಚಾಚಿದ. “ನಲವತ್ತು ಹಲ್ಲಿಂದು ತಗೊಂಡು ಬಾ. ಹಲ್ಲು ಮುಂದಕ್ಕೆ ಬಾಗಿರ್ಬೇಕು, ಚೆನ್ನಾಗಿ ಕಚ್ಚಬೇಕು. ಕತ್ತರಿಸಿದ ಮುಖ ಒರಟಾಗಿದ್ರೆ ಅಂಟು ಗಟ್ಟಿ ಕೂರುತ್ತೆ.”

ಅಪ್ಪನ ಲೆಕ್ಕ ಎಲ್ಲೂ ತಪ್ಪಿರಲಿಲ್ಲ. ತಪ್ಪಿದ್ದದ್ದು ಕೂದಲು ಹೋಗಲಿಲ್ಲ ಎನ್ನುವ ಅದರ ಮೊದಲ ಸಾಲು, ಅದನ್ನು ಕೊಟ್ಟವಳು ಅವಳು.

ಹಳೆಯ ಬ್ಲೇಡನ್ನು ದಿಂಬಿನ ಚೀಲಕ್ಕೆ ಹಾಕಿಕೊಳ್ಳುವಾಗ ಅವಳು ಗರಗಸದ ಕಡೆ ನೋಡಲಿಲ್ಲ. ನೋಡಿದರೆ ಹಲ್ಲುಗಳನ್ನು ಮರೆಮಾಡಬೇಕಾದ ಮುಚ್ಚಳ ಕಾಣುತ್ತಿತ್ತು. ಗೆರೆಗೆ ಅಡ್ಡ ಬರುತ್ತದೆಂದು ಅಪ್ಪ ಅದನ್ನು ಕಳೆದ ತಿಂಗಳು ತಂತಿಯಿಂದ ಎತ್ತಿ ಕಟ್ಟಿದ್ದ. ಅದರ ಕೆಳಗಿನ ಪೀಠದ ಮೇಲೊಂದು ಕೆಂಪು ಪಟ್ಟೆ, ಬ್ಲೇಡಿನಿಂದ ನಾಲ್ಕು ಬೆರಳು ದೂರ. ಇದರಾಚೆ ಕೈ ಇಡಬಾರದು ಎಂದು ಅವಳಿಗೆ ಕಲಿಸುವಾಗ ಅವನೇ ಬಳಿದದ್ದು. ಈಗೀಗ ಅವನ ಹೆಬ್ಬೆರಳು ದಿನವೂ ಆ ಪಟ್ಟೆಯನ್ನು ದಾಟಿಯೇ ಕೂರುತ್ತಿತ್ತು.

ಬ್ಲೇಡಿನ ಅಂಗಡಿಯನ್ನು ನಡೆಸುತ್ತಿದ್ದವಳು ಒಬ್ಬ ಮುದುಕಿ. ಗೋಡೆಯ ತುಂಬ ಮೊಳೆಗಳಿಗೆ ನೇತುಬಿದ್ದ ಹೊಳೆಯುವ ಚಕ್ರಗಳು. ಬಾಗಿಲು ತೆರೆದಾಗ ಗಾಳಿಗೆ ಅವೆಲ್ಲ ಒಂದಕ್ಕೊಂದು ತಗುಲಿ ಸಣ್ಣಗೆ ಸದ್ದು ಮಾಡಿದವು. ಮುದುಕಿ ಚೀಲದಿಂದ ಬ್ಲೇಡು ತೆಗೆದು, ಒಂದು ಹಲ್ಲಿನ ಮೇಲೆ ತನ್ನ ಉಗುರನ್ನು ಮೆಲ್ಲಗೆ ಎಳೆದಳು. ಉಗುರಿನ ಸಿಪ್ಪೆಯೊಂದು ಬಿಳಿ ಸುರುಳಿಯಾಗಿ ಎದ್ದಿತು.

“ಮೊಂಡಾಗಿದೆ ಅಂತ ಯಾರಂದಿದ್ದು?”

“ಅಪ್ಪ.”

“ನಿಮ್ಮಪ್ಪಂಗೆ ಹೇಳು, ಇದು ನನಗಿಂತ ಗಟ್ಟಿಯಾಗಿದೆ ಅಂತ. ನನ್ನ ಬಾಯಲ್ಲಿ ಉಳಿದಿರೋದು ಹನ್ನೊಂದು. ಇದ್ರಲ್ಲಿ ಅರವತ್ತಕ್ಕೆ ಅರವತ್ತೂ ಇದೆ.”

ಅವಳಿಗೆ ನಗಲು ಆಗಲಿಲ್ಲ. ಮುದುಕಿ ಚೀಟಿ ಬಿಡಿಸಿದಳು. ಗೆರೆ ಹಾಕಿದ ಹಾಳೆಯ ಮೇಲೆ ಅಪ್ಪನ ಅಕ್ಷರಗಳು ಒಂದರ ಮೇಲೊಂದು ಹತ್ತಿ, ಸಾಲು ಬಿಟ್ಟು ಕೆಳಗಿಳಿದಿದ್ದವು.

“ಓಡೋ ಬಸ್ಸಲ್ಲಿ ಕೂತು ಬರೆದ್ರಾ?” ಎಂದವಳು ಉತ್ತರಕ್ಕೆ ಕಾಯದೆ ಭೂತಗನ್ನಡಿ ಹಿಡಿದು ಬ್ಲೇಡಿನ ಅಂಚನ್ನು ಸುತ್ತಿಸತೊಡಗಿದಳು. ಒಂದು ಕಡೆ ಕೈ ನಿಂತಿತು. ಚಿಮಟದಿಂದ ಎರಡು ಹಲ್ಲುಗಳ ನಡುವೆ ಅಂಟಿದ್ದ ಏನನ್ನೋ ಕಿತ್ತು ಬಿಳಿ ಕಾಗದದ ಮೇಲಿಟ್ಟಳು. ಮರದ ಅಂಟಿನಲ್ಲಿ ಸಿಕ್ಕಿಕೊಂಡ ಒಂದು ಎಳೆ ನೂಲು. ನೀಲಿ.

ಇಬ್ಬರೂ ಅದನ್ನು ನೋಡಿದರು.

“ಮುಚ್ಚಳ ಸರಿಯಾಗಿ ಬೀಳುತ್ತೆ ತಾನೆ?” ಎಂದು ಮುದುಕಿ ಬೇರೆಯದೇ ದನಿಯಲ್ಲಿ ಕೇಳಿದಳು.

“ಹೂಂ.”

ಆ ಹೂಂ ಅವಳನ್ನು ಕೇಳದೆಯೇ ಬಾಯಿಂದ ಹೊರಬಿದ್ದಿತ್ತು. ಮುದುಕಿ ಗೋಡೆಯಿಂದ ಎರಡು ಬ್ಲೇಡು ಇಳಿಸಿ ಅಕ್ಕಪಕ್ಕ ಇಟ್ಟಳು.

“ಇದು ಚೀಟೀಲಿ ಬರೆದಿರೋದು, ನಲವತ್ತು. ಹಲ್ಲಿನ ಬಾಗು ನೋಡು, ಬಡಿಸೋಕೆ ಮುಂಚೆ ತಟ್ಟೆಗೆ ಬಗ್ಗಿದವರ ಹಾಗಿದೆ. ಹಲಗೆ ಉದ್ದಕ್ಕೆ ಸೀಳೋ ಯಂತ್ರಕ್ಕೆ ಮಾಡಿದ್ದು. ಮೇಲಿಂದ ಇಳಿಯೋದಕ್ಕೆ ಹಾಕಿದ್ರೆ ಮರಾನ ಗಬಕ್ಕಂತ ಎಳ್ಕೊಳ್ಳುತ್ತೆ. ಮರ ಹಿಡ್ಕೊಂಡಿರೋದನ್ನೂ. ಅದು ಇದು ಅಂತ ಭೇದ ಮಾಡಲ್ಲ.” ಇನ್ನೊಂದನ್ನು ಮುಂದೆ ತಳ್ಳಿದಳು. “ಇದು ನೂರು. ಹಲ್ಲು ಹಿಂದಕ್ಕೆ ಬಾಗಿದೆ. ನಿಧಾನ, ನಯ, ಕಿತ್ಕೊಳ್ಳಲ್ಲ. ಹಾಗಂತ ಇದೇನು ದಿಂಬಲ್ಲ ಕಣಮ್ಮ, ಇದೂ ಬ್ಲೇಡೇ. ಯಾವುದು ಕಟ್ಲಿ?”

ಅವಳು ನೂರರ ಮೇಲೆ ಬೆರಳಿಟ್ಟಳು.

“ಚೀಟಿ ಬರೆದವರು ಬೈದ್ರೆ?”

ಅವಳು ಭುಜ ಕುಣಿಸಿದಳು. ಮುದುಕಿ ಹೊಸದನ್ನೂ ಹಳೆಯದನ್ನೂ ಕಟ್ಟಿಕೊಟ್ಟು, ನೀಲಿ ನೂಲಿದ್ದ ಕಾಗದವನ್ನು ಮಡಚಿ ಅದೇ ಚೀಲದೊಳಗೆ ಹಾಕಿದಳು.

ದಾರಿಯಲ್ಲಿ ಹೆಜ್ಜೆಗೊಮ್ಮೆ ಚೀಲ ಮೊಣಕಾಲಿಗೆ ಬಡಿಯುತ್ತಿತ್ತು. ತನ್ನ ಕೈಲಾದದ್ದನ್ನು ಮಾಡಿದೆನೆಂದು ಮೊದಲ ತಿರುವಿನವರೆಗೆ ಸಮಾಧಾನವಿತ್ತು. ಎರಡನೆಯ ತಿರುವಿನಲ್ಲಿ, ಇದೂ ಮರದಪುಡಿ ತುಂಬಿದ ಹಾಗೆಯೇ ಅಲ್ಲವೇ ಅನ್ನಿಸಿತು. ಅಪ್ಪನಿಗೆ ಹೇಳಬೇಕಾದ ವಾಕ್ಯವನ್ನು ನಾಲ್ಕು ಬಗೆಯಲ್ಲಿ ಕಟ್ಟಿ ನೋಡಿದಳು. ನಾಲ್ಕೂ ಬರೆಯಲು ಚೆನ್ನಾಗಿದ್ದವು.

ಅಪ್ಪ ಹೊಸ ಬ್ಲೇಡನ್ನು ಕಿಟಕಿಯ ಕಡೆ ಹಿಡಿದು, ಆಮೇಲೆ ಕಣ್ಣಿನಿಂದ ದೂರ ಹಿಡಿದು, ಕೊನೆಗೆ ಹೆಬ್ಬೆರಳಿನಿಂದ ಅಂಚನ್ನು ಸವರಿದ. “ಇದೇನು, ಬಾಚಣಿಗೆ ತಂದಿದ್ದೀಯಲ್ಲ?”

“ಇರ್ಲಿ ಬಿಡೋ, ನಿನ್ನ ತಲೆಗೆ ಈಗ ಅದೂ ದಂಡ” ಎಂದಳು ಕಾಫಿ ತಂದ ಅತ್ತೆ.

“ನಲವತ್ತರದ್ದು ಇರ್ಲಿಲ್ಲ” ಎಂದು ಅವಳು ನೆಲ ನೋಡುತ್ತ ಹೇಳಿದಳು.

ಅಪ್ಪ ಲೋಟ ಖಾಲಿ ಮಾಡಿ ಕೆಳಗಿಟ್ಟ. “ಆಗ್ಲಿ. ಒಂದು ಚೌಕಟ್ಟು ಮಾಡಿ ನೋಡೋಣ. ಕೂದಲು ಹೋಗದಿದ್ರೆ ಇದ್ರಲ್ಲೇ ಉಳಿದ ಇಪ್ಪತ್ನಾಲ್ಕನ್ನೂ ಇವತ್ತು ಕತ್ತರಿಸಿ ಹಾಕ್ತೀನಿ. ಹೋದ್ರೆ ನಾಳೆ ನಾನೇ ಹೋಗಿ ನಲವತ್ತರದ್ದು ತರ್ತೀನಿ. ಅವರ ಹತ್ರ ಇಲ್ದೆ ಇರೋಕೆ ಸಾಧ್ಯವೇ ಇಲ್ಲ.”

ಅತ್ತೆ ಲೋಟಗಳನ್ನು ಎತ್ತಿಕೊಂಡು ಮೇಲೆ ಹೋದಳು. ಅವನು ಬ್ಲೇಡನ್ನು ಕೂರಿಸಿ ತಿರುಪು ಬಿಗಿದ. ತಂತಿ ಕಟ್ಟಿದ ಮುಚ್ಚಳ ಮೇಲೆಯೇ ಇತ್ತು. ಪಟ್ಟಿಯ ಮೇಲೆ ಗೆರೆ ಎಳೆದ, ಪೆನ್ಸಿಲನ್ನು ಎರಡು ಸಲ ಒತ್ತಿ. ಆ ಗೆರೆ ಅವಳಿಗೆ ಬಾಗಿಲಿನ ಹತ್ತಿರದಿಂದಲೂ ಕಾಣುತ್ತಿತ್ತು. ಅವನು ಅದರ ಮೇಲೆ ಬಗ್ಗಿ, ಇನ್ನೂ ಬಗ್ಗಿ, ಕೆನ್ನೆ ಮರಕ್ಕೆ ತಾಗುವಷ್ಟು ಬಗ್ಗಿದ. ಗೆರೆಯನ್ನು ಹುಡುಕುತ್ತ ಎಡಗೈ ಹೆಬ್ಬೆರಳು ತುಸುತುಸುವೇ ಮುಂದೆ ಸರಿಯಿತು. ಕೆಂಪು ಪಟ್ಟೆ ತಲುಪಿತು. ದಾಟಿತು. ಗರಗಸ ಕೂಗಿಕೊಂಡಿತು.

ಅವಳು ಕಣ್ಣು ಮುಚ್ಚಿದಳು. ತೆರೆದಾಗ ತುಂಡು ಬೇರೆಯಾಗಿ ಬಿದ್ದಿತ್ತು, ಹೆಬ್ಬೆರಳು ತನ್ನ ಜಾಗದಲ್ಲೇ ಇತ್ತು. ಹಾಗೆ ಎಂಟು ಸಲ. ನಾಲ್ಕು ಪಟ್ಟಿಗೆ ಎಂಟು ತುದಿ. ಎಂಟನೆಯ ಸಲ ಅವಳ ಉಗುರುಗಳ ಗುರುತು ಅವಳದೇ ಅಂಗೈಯಲ್ಲಿ ಮೂಡಿತ್ತು.

ಅಪ್ಪ ನಾಲ್ಕನ್ನೂ ಅಂಟಿಲ್ಲದೆಯೇ ಜೋಡಿಸಿ, ಸುತ್ತ ಬೆಲ್ಟು ಬಿಗಿದು, ಮೂಲೆಗಳ ಮೇಲೆ ಬೆರಳಾಡಿಸಿದ. “ಬೆಣ್ಣೆ ಕುಯ್ದ ಹಾಗಿದೆ. ನಿನ್ನ ಬಾಚಣಿಗೆ ಪರವಾಗಿಲ್ಲ ಕಣೇ.” ನಕ್ಕ. ಬಹಳ ದಿನದ ಮೇಲೆ ನಕ್ಕದ್ದು. ಆಮೇಲೆ ಕೈ ಚಾಚಿದ. “ಕೂದಲು.”

ಚಾಚಿದ ರಭಸಕ್ಕೆ ಮಡಚಿದ್ದ ನೀಲಿ ತೋಳು ಜಾರಿ ಮಣಿಕಟ್ಟಿಗೆ ಇಳಿಯಿತು. ಅದರ ಅಂಚಿನಲ್ಲಿ, ನಾಲ್ಕು ತೂತಿನಲ್ಲಿ ಎರಡೇ ಉಳಿದು, ನೂಲಿಗೆ ಭದ್ರವಾಗಿ ಕೂತಿತ್ತು ಗುಂಡಿಯ ಇನ್ನರ್ಧ. ಅದರ ನೇರ ಅಂಚಿನಿಂದ ಮಣಿಕಟ್ಟಿನ ನಾಡಿಗೆ ಒಂದು ಭತ್ತದ ಕಾಳಿನಷ್ಟು ದೂರವಿತ್ತು.

ಅವಳು ಒಂದು ಎಳೆ ಕಿತ್ತಳು. ಅವನು ಎಂದಿನಂತೆ, ನೀನೇ ನೋಡು ಎನ್ನುವ ಹಾಗೆ ಚೌಕಟ್ಟನ್ನು ಅವಳ ಕಡೆ ತಿರುಗಿಸಿದ. ಮೊದಲ ಮೂಲೆಗೆ ಹೋಗಲಿಲ್ಲ. ಎರಡನೆಯದಕ್ಕೂ, ಮೂರನೆಯದಕ್ಕೂ ಹೋಗಲಿಲ್ಲ. ನಾಲ್ಕನೆಯದಕ್ಕೆ ಒತ್ತಬೇಕಾಗಿಯೇ ಬರಲಿಲ್ಲ. ಕೂದಲು ತಾನಾಗಿ ಇಳಿದು, ಸಂದಿಯಲ್ಲಿ ನಿಂತುಕೊಂಡಿತು. ಅವಳು ಕೈಬಿಟ್ಟಳು. ಅದು ಹಾಗೆಯೇ ನಿಂತಿತ್ತು, ಕಿಟಕಿಯ ಬೆಳಕಿನಲ್ಲಿ, ಕಪ್ಪಗೆ, ಒಂದು ಗೇಣು ಉದ್ದ.

ಹೋಗಲ್ಲ ಎಂದರೆ ಇವತ್ತೇ ಇಪ್ಪತ್ನಾಲ್ಕು. ಹೋಗುತ್ತೆ ಎಂದರೆ ನಾಳೆ ನಲವತ್ತು ಹಲ್ಲು. ಎರಡೂ ಉತ್ತರಗಳ ಕೊನೆಗೆ ಇದ್ದದ್ದು ಕೆಂಪು ಪಟ್ಟೆ ದಾಟಿದ ಅದೇ ಹೆಬ್ಬೆರಳು.

ಅಪ್ಪ ಮೂಲೆಯ ಮೇಲೆ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದ. ಅವನ ಉಸಿರು ತಾಗಿ ಕೂದಲು ಒಂದಿಷ್ಟು ಬಾಗಿತು, ಮತ್ತೆ ನೆಟ್ಟಗಾಯಿತು. ಅವನು ತಲೆಯೆತ್ತಿ ಮಗಳ ಕಡೆ ತಿರುಗಿದ.

“ಏನಾಯ್ತೇ? ಹೋಗುತ್ತಾ, ಇಲ್ವಾ?”



“ಹೋಗಿದೆ ಅಪ್ಪ,” ಎಂದಳು. “ನಿನ್ನ ಕಣ್ಣ ಮುಂದೇನೇ ನಿಂತಿದೆ.”