ಸಂಜೆಯವರೆಗೂ ತುಂಬಿದ್ದ ಬುತ್ತಿ

ನಾನು ಒಂದು ಹಿತ್ತಾಳೆಯ ಬುತ್ತಿ ಕ್ಯಾರಿಯರ್. ಒಂದರ ಮೇಲೊಂದು ಕೂರುವ ಮೂರು ಡಬ್ಬಿ, ಅವನ್ನು ಬಿಗಿದು ಹಿಡಿಯುವ ಕೊಂಡಿ, ಮೇಲೊಂದು ಹಿಡಿಕೆ. ಇಷ್ಟೇ ನನ್ನ ಮೈ. ಗದಗಿನಲ್ಲಿ, ದಿನವಿಡೀ ಸುತ್ತಿಗೆಯ ಸದ್ದು ಕೇಳುವ ಒಂದು ಓಣಿಯಲ್ಲಿ ನಾನು ಹುಟ್ಟಿದೆ. ನನ್ನನ್ನು ಬಡಿದವನು ಬಡಿಯುತ್ತ ಹಾಡುತ್ತಿದ್ದ. ಹಾಡು ದೇವರದು, ಏಟು ನನಗೆ. ಹೀಗಾಗಿ ಮಾತು ತಿಳಿಯುವ ಮೊದಲೇ ನನಗೆ ಲಯ ತಿಳಿಯಿತು.

ನನ್ನನ್ನು ಕೊಂಡವಳು ಪಾರವ್ವ. ಅವಳ ಗಂಡ ಶಿವಪುತ್ರಪ್ಪ ಊರಿನ ಹತ್ತಿ ಗಿರಣಿಯಲ್ಲಿ ನೂಲುವ ಕೆಲಸಕ್ಕಿದ್ದ. ಅವನ ಕೆಲಸ ಪರ್ಮನೆಂಟ್ ಆದ ವಾರ ಅವಳು ಅಂಗಡಿಗೆ ಬಂದು, ಒಂದೊಂದೇ ಡಬ್ಬಿ ಎತ್ತಿ ಬೆರಳಿನಿಂದ ತಟ್ಟಿ ನೋಡಿ ನನ್ನನ್ನು ಆರಿಸಿದಳು. ಅಲ್ಲಿಂದ ಮುಂದೆ ನನ್ನ ಕೆಳಗಿನ ಡಬ್ಬಿಯಲ್ಲಿ ಮಡಚಿದ ಜೋಳದ ರೊಟ್ಟಿ, ನಡುವೆ ಪಲ್ಯ, ಮೇಲೆ ಮೊಸರನ್ನ. ಶೇಂಗಾ ಚಟ್ನಿಗೆ ಮಾತ್ರ ನಿಗದಿಯಾದ ಜಾಗವಿರಲಿಲ್ಲ. ಎಲ್ಲಿ ಸಂದಿ ಕಂಡರೆ ಅಲ್ಲಿ.

ಮುಂಜಾನೆ ಗಿರಣಿಯ ಭೊಂಗಾ ಕೂಗಿದರೆ ಓಣಿಯ ಗಂಡಸರೆಲ್ಲ ಒಟ್ಟಿಗೆ ಹೊರಬೀಳುವರು. ಕೈಯಲ್ಲಿ ತೂಗುವ ನಾವು, ಕ್ಯಾರಿಯರುಗಳು, ಅವರ ಮೊಣಕಾಲಿಗೆ ತಾಕುತ್ತ ಸಾಗುತ್ತಿದ್ದೆವು. ಮಧ್ಯಾಹ್ನ ಬೇವಿನ ಮರದ ಕೆಳಗೆ ಎಲ್ಲರ ಕೊಂಡಿಗಳೂ ಬಿಚ್ಚಿಕೊಳ್ಳುವವು.

“ಏ ಶಿವಪುತ್ರಾ, ಆ ಚಟ್ನಿ ಈ ಕಡೆ ಬರ್ಲಿ. ನಮ್ಮಾಕಿ ಇವತ್ತ ಬರೇ ಸಿಟ್ಟ ಕಟ್ಟಿ ಕಳಿಸ್ಯಾಳ.”

“ಸಿಟ್ಟಿಗೂ ಒಗ್ಗರಣಿ ಹಾಕ್ಯಾಳೋ, ಹಂಗ ಕಳಿಸ್ಯಾಳೋ?”

ಆ ನಗು ಈಗಲೂ ನನ್ನ ತಳದಲ್ಲಿ ಎಲ್ಲೋ ಇದೆ. ಶ್ರಾವಣ ಬಂದರೆ ಶಿವಪುತ್ರಪ್ಪ ಗಿರಣಿಯಿಂದ ನೇರ ಮಠಕ್ಕೆ ಹೋಗುತ್ತಿದ್ದ. ಅಲ್ಲಿ ತಿಂಗಳಿಡೀ ಪುರಾಣ. ಒಬ್ಬರು ಪದ್ಯ ಹಾಡುವರು, ಇನ್ನೊಬ್ಬರು ಅರ್ಥ ಹೇಳುವರು. ಅವನು ನನ್ನನ್ನು ತೊಡೆಯ ಪಕ್ಕ ಇಟ್ಟುಕೊಂಡು ಕಣ್ಣು ಮುಚ್ಚಿ ಕೇಳುವನು. ಅವನ ಮಗಳು ಕಸ್ತೂರಿ, ಆಗಿನ್ನೂ ಚಿಕ್ಕವಳು, ನನ್ನ ಹಿಡಿಕೆ ಹಿಡಿದು ಹಾಗೆಯೇ ನಿದ್ದೆ ಹೋಗುವಳು. ನಾನು ಖಾಲಿಯಾಗಿ ಕೂತು ಪದ್ಯ ತುಂಬಿಕೊಳ್ಳುತ್ತಿದ್ದೆ. ಅಂಥ ಸಂಜೆಗಳನ್ನು ಮತ್ತೆ ಯಾರು ಕೊಡುತ್ತಾರೆ?

ಒಂದು ಮುಂಜಾನೆ ಭೊಂಗಾ ಕೂಗಲಿಲ್ಲ. ಗಿರಣಿ ಮುಚ್ಚಿತು.

ಶಿವಪುತ್ರಪ್ಪ ನನ್ನನ್ನು ಹಿಡಿದು ಹುಬ್ಬಳ್ಳಿಗೆ ಹೋದ, ದಾವಣಗೆರೆಗೆ ಹೋದ, ಕಂಡ ಗಿರಣಿಯ ಬಾಗಿಲಲ್ಲೆಲ್ಲ ನಿಂತ. ಬಾಗಿಲು ಬೇರೆ ಬೇರೆ, ಮಾತು ಒಂದೇ.

“ಈಗ ಎಲ್ಲಿ ಕೆಲಸಕ್ಕ ಅದೀಯಪಾ?”

“ಎಲ್ಲೂ ಇಲ್ರೀ. ನಮ್ಮ ಗಿರಣಿ ಮುಚ್ಚೇತಿ, ವರ್ಷ ಆತು.”

“ವರ್ಷಗಟ್ಟಲೆ ಕೂತ ಕೈ ಜಡ ಆಗಿರ್ತೈತಿ. ನಮಗ ನಡೀತಿರೋ ಕೈ ಬೇಕು.”

ಕೆಲಸವಿಲ್ಲದವನು ಕೆಲಸ ಕೇಳಬಾರದೆಂದರೆ ಮತ್ತೆ ಯಾರು ಕೇಳಬೇಕು? ಶಿವಪುತ್ರಪ್ಪ ಮನೆಗೆ ಬಂದು ನನ್ನನ್ನು ಅಡುಗೆಮನೆಯ ಗೂಟಕ್ಕೆ ತೂಗುಹಾಕಿದ. ಆಮೇಲೆ ಸಂತೆಪೇಟೆಯಲ್ಲಿ ಚೀಲ ಹೊತ್ತು ಮಗಳನ್ನು ಓದಿಸಿದ. ಅಲ್ಲಿ ಬುತ್ತಿ ಬೇಕಿರಲಿಲ್ಲ. ಸಿಕ್ಕಲ್ಲಿ ಚಹಾ, ಸಿಕ್ಕಲ್ಲಿ ಮಿರ್ಚಿ.

ಗೂಟದ ಮೇಲಿಂದ ನಾನು ಎಲ್ಲವನ್ನೂ ಕಂಡೆ. ಪಾರವ್ವ ತೀರಿಕೊಂಡಳು. ಕಸ್ತೂರಿ ಒಂದು ಎಣ್ಣೆ ಗಾಣದ ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿ ಹಲವು ವರ್ಷ ದುಡಿದಳು. ಶಿವಪುತ್ರಪ್ಪನಿಗೆ ಲಕ್ವ ಹೊಡೆದು ಒಂದು ಬದಿ ಬಿದ್ದುಹೋದಾಗ ಆ ಕೆಲಸ ಬಿಟ್ಟಳು. ಅವನಿಗೆ ಉಣಿಸಿದಳು, ಹೊರಳಿಸಿದಳು, ಮೈ ಒರೆಸಿದಳು. ಸಂಜೆ ಹೊತ್ತು ಮಠದ ಪದ್ಯಗಳನ್ನು ಅವನ ಕಿವಿಯ ಹತ್ತಿರ ಹಾಡಿದಳು. ಅವನು ಹೋಗುವ ಹೊತ್ತಿಗೆ ಮೂರು ವರ್ಷ ಕಳೆದಿತ್ತು. ಗಾಣದ ಆಫೀಸಿನಲ್ಲಿ ಅವಳ ಕುರ್ಚಿಯಲ್ಲಿ ಬೇರೊಬ್ಬರು ಕೂತಿದ್ದರು.

ಅವಳು ಮತ್ತೆ ಕೆಲಸಕ್ಕೆ ಅಲೆಯತೊಡಗಿದಳು. ಸಂಜೆ ಬಂದು ಪಕ್ಕದ ಮನೆಯ ಗಂಗಕ್ಕನ ಮುಂದೆ ಹೇಳುವಳು.

“ಬರೆಸಿ ನೋಡ್ತಾರ, ಲೆಕ್ಕ ಹಾಕಿಸಿ ನೋಡ್ತಾರ, ಎಲ್ಲಾ ಚೊಲೊ ಅಂತಾರ ಗಂಗಕ್ಕಾ. ಆಮ್ಯಾಲೆ, ಈಗ ಎಲ್ಲಿ ಅದೀರಿ ಅಂತಾರ. ಮನ್ಯಾಗ ಅದೀನ್ರಿ ಅಂದ ಕೂಡ್ಲೆ ಮುಖ ಬ್ಯಾರೆ ಆಗ್ತೈತಿ. ಕೆಲಸದಾಗ ಇದ್ದವ್ರನ್ನಷ್ಟ ತಗೋತಾರಂತ.”

ಗಂಗಕ್ಕ ಆಸ್ಪತ್ರೆಯಲ್ಲಿ ಆಯಾ. ಲೋಕ ಕಂಡವಳು. ಗೂಟದತ್ತ ಕೈ ತೋರಿಸಿದಳು. “ಅದನ್ನ ಇಳಿಸು. ಕೈಯಾಗ ಡಬ್ಬಿ ಇದ್ದಾಕಿನ್ನ ಯಾರೂ ಮನ್ಯಾಗ ಕೂತಾಕಿ ಅನ್ನೂದಿಲ್ಲ. ನೀ ಬಾಯಿ ಬಿಡಬ್ಯಾಡ. ಅದ ಹೇಳ್ತೈತಿ.”

ಕಸ್ತೂರಿ ನನ್ನನ್ನು ಇಳಿಸಿದಳು. ಹುಣಸೆಹಣ್ಣು ಹಚ್ಚಿ ತಿಕ್ಕಿದಳು, ಕಲಾಯಿ ಹಾಕಿಸಿದಳು. ಕಲಾಯಿಯವನು ನನ್ನನ್ನು ತಿರುಗಿಸಿ ನೋಡಿ, “ಗಟ್ಟಿ ಐತ್ರೀ ಅಕ್ಕಾರ, ಇನ್ನೂ ಭಾಳ ವರ್ಷ ಬರ್ತೈತಿ” ಎಂದ. ಇಷ್ಟು ಕಾಲ ಯಾಕೆ ಸುಮ್ಮನೆ ತೂಗುತ್ತಿತ್ತು ಎಂದು ಕೇಳಲಿಲ್ಲ. ಪಾತ್ರೆಗೆ ಸಿಕ್ಕ ನ್ಯಾಯ ಅವಳಿಗೆ ಸಿಗಬಾರದೇ ಎಂದು ನಾನು ಬೆಂಕಿಯ ಮೇಲೆ ಕೂತೇ ನೆನೆದೆ.

ಖಾಲಿ ಡಬ್ಬಿ ಹಿಡಿದು ಹೊರಡಲು ಅವಳಿಗೆ ಮನಸ್ಸು ಬರಲಿಲ್ಲ. ತಾಯಿ ಕಟ್ಟುತ್ತಿದ್ದ ಹಾಗೆಯೇ ರೊಟ್ಟಿ, ಪಲ್ಯ, ಮೊಸರನ್ನ ಕಟ್ಟಿದಳು. ಪಕ್ಕದ ಊರಿನ ಬೀಜ ಗೊಬ್ಬರದ ಒಂದು ದೊಡ್ಡ ಅಂಗಡಿಯಲ್ಲಿ ಲೆಕ್ಕದ ಕೆಲಸ ಖಾಲಿ ಇತ್ತು. ಮಾಲೀಕ ಅಂದಾನಪ್ಪ ಮಧ್ಯಾಹ್ನಕ್ಕೆ ಬರಹೇಳಿ, ತಾನು ಲಾರಿಯ ಲೋಡು ಇಳಿಸಿಕೊಳ್ಳುತ್ತಿದ್ದ. ಅವಳಿಗೆ ಎದುರು ಕೂರಲು ಸಿಕ್ಕದ್ದು ನಾಲ್ಕು ಗಂಟೆಗೆ. ಅಷ್ಟು ಹೊತ್ತೂ ಅವಳು, ಅವನ ಕಣ್ಣಿಗೆ ಬೀಳದೆ, ಚೀಲಗಳ ಮರೆಯಲ್ಲಿ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹೆದರಿಕೆಗೆ ಅವಳಿಗೆ ಹಸಿವೇ ಆಗಿರಲಿಲ್ಲ.

ಅಂದಾನಪ್ಪ ಅವಳು ಹಾಕಿದ ಲೆಕ್ಕ ನೋಡಿ ತಲೆದೂಗಿದ. ನನ್ನ ಮೇಲೆ ಕಣ್ಣು ಬಿತ್ತು.

“ಡ್ಯೂಟಿ ಮುಗಿಸ್ಕೊಂಡು ಹಂಗ ಬಂದಿರೇನು?”

ಅವಳು ತಲೆಯಾಡಿಸಿದಳು. ಅವಳ ಬೆರಳು ನನ್ನ ಹಿಡಿಕೆಯ ಮೇಲೆ ಬೆವೆತದ್ದು ನನಗೆ ಗೊತ್ತು.

“ಹಂಗಾರ ಆತು ಬಿಡ್ರಿ. ದುಡ್ಯಾಕ ಹತ್ತಿದ ಮಂದೀನ ನಮಗ ಬೇಕು. ಈಗಿನ ಮಾಲೀಕ್ರು ಬಿಟ್ಟ ಕೂಡ್ಲೆ ಬಂದುಬಿಡ್ರಿ” ಎಂದು ಅವನು ಎದ್ದ. ಎದ್ದವನು ಮೇಜು ಹಿಡಿದು ನಿಂತ. ಹಣೆಯಲ್ಲಿ ಬೆವರು, ಕೈ ನಡುಗುತ್ತಿತ್ತು. “ಏನಿಲ್ರಿ, ಸಕ್ಕರಿ ಕಾಯಿಲೆ. ಮುಂಜಾನಿಂದ ಲಾರಿ ಮುಂದ ನಿಂತೆ, ಊಟ ಆಗಿಲ್ಲ.”

ಕಸ್ತೂರಿ ಯೋಚಿಸಲಿಲ್ಲ. ಮೂರು ವರ್ಷ ರೋಗಿಯ ಮಂಚದ ಪಕ್ಕ ಕಳೆದವಳು. “ಕೂಡ್ರಿ ಅಣ್ಣಾರ” ಎಂದು ಅವನ ಭುಜ ಹಿಡಿದು ಕೂರಿಸಿ ನನ್ನ ಕೊಂಡಿ ಬಿಚ್ಚಿದಳು. ಮೊದಲು ಮೊಸರನ್ನ ಕೊಟ್ಟಳು, ಆಮೇಲೆ ರೊಟ್ಟಿ ಮುರಿದು ಪಲ್ಯ ಬಡಿಸಿದಳು. ಅವನು ಉಂಡ. ನಡುಕ ನಿಂತಿತು. ಅರ್ಧ ರೊಟ್ಟಿಯ ಹೊತ್ತಿಗೆ ಕೈ ತಡೆದು ನನ್ನತ್ತ ನೋಡಿದ. ಕೊಂಡಿ ಬಿಚ್ಚಿದಾಗ ಮೂರು ಡಬ್ಬಿಯಲ್ಲಿ ಒಂದಕ್ಕೂ ಕೈ ತಾಗಿರಲಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು.

“ಡ್ಯೂಟಿಗೆ ಹೋದಾಕಿ ಉಂಡೇ ಇಲ್ಲಲ್ರೀ?”

ಕಸ್ತೂರಿ ಬಡಿಸುತ್ತಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

“ನನಗ ಕೆಲಸ ಇಲ್ರಿ ಅಣ್ಣಾರ” ಎಂದಳು. “ಅಪ್ಪಗ ಲಕ್ವ ಹೊಡೆದಿತ್ತು. ಮೂರು ವರ್ಷ ಅವರನ್ನ ನೋಡ್ಕೊಂಡೆ. ಈಗ ಹುಡುಕಾಕ ಹತ್ತೇನಿ.”

ಅವನು ಉಳಿದ ರೊಟ್ಟಿಯನ್ನೂ ತಿಂದು ಮುಗಿಸಿದ. ಕೈ ತೊಳೆದು ಬಂದ. ಅವಳ ಮುಖ ನೋಡಲಿಲ್ಲ. “ರೊಟ್ಟಿ ಭಾಳ ಚೊಲೊ ಇದ್ವು. ನಿಮ್ಮ ಉಪಕಾರ ಮರೆಯಂಗಿಲ್ಲ. ಆದ್ರ ನಮ್ಮ ಅಂಗಡ್ಯಾಗ ಒಂದು ಪದ್ಧತಿ ಐತ್ರಿ... ಹೇಳಿ ಕಳಸ್ತೀನಿ.”

ಆ ಪದ್ಧತಿ ಯಾರು ಹಾಕಿದ್ದು, ಯಾಕೆ ಹಾಕಿದ್ದು, ಅವನೂ ಹೇಳಲಿಲ್ಲ. ಕೆಟ್ಟ ಮನುಷ್ಯನಲ್ಲ ಅವನು. ಉಂಡದ್ದು ಅವಳ ಕೈಯಿಂದಲೇ ಎಂಬುದೂ ಅವನಿಗೆ ಗೊತ್ತಿತ್ತು. ಆದರೂ ಹೇಳಿ ಕಳಿಸಲಿಲ್ಲ.

ತಿರುಗಿ ಬರುವಾಗ ಬಸ್ಸು ತುಂಬಿತ್ತು. ಕಿಟಕಿಯ ಪಕ್ಕ ಕೂತ ಮುದುಕಿಯೊಬ್ಬಳು ನನ್ನನ್ನು ನೋಡಿ, “ಕೆಲಸ ಮುಗಿಸಿ ಬಂದಿಯೇನ ಯವ್ವಾ? ದಣದೀ, ಬಾ ಕೂಡು” ಎಂದು ಸರಿದಳು.

ಕಸ್ತೂರಿ ಕೂರಲಿಲ್ಲ. “ಇಲ್ಲಬೇ, ನನಗ ಕೆಲಸ ಇಲ್ಲ” ಎಂದಳು. ಸುತ್ತ ನಿಂತವರಿಗೂ ಕೇಳುವಷ್ಟು ದೊಡ್ಡದಾಗಿ.

ಮುದುಕಿ ಅವಳನ್ನು ಮೇಲೆ ಕೆಳಗೆ ನೋಡಿದಳು. “ಕೆಲಸ ಇಲ್ಲಂದ್ರ ಕಾಲು ನೋಯೂದಿಲ್ಲೇನ? ಹುಚ್ಚಿ, ಕೂಡು.”

ಕಸ್ತೂರಿ ಕೂತಳು. ನನ್ನನ್ನು ಎದೆಗವಚಿಕೊಂಡು ಅತ್ತಳು, ಆಮೇಲೆ ಮುದುಕಿಯ ಜೊತೆ ಊರು ಬರುವವರೆಗೆ ನಕ್ಕು ಮಾತಾಡಿದಳು.

ಆ ಸಂಜೆ ನನ್ನನ್ನು ತೊಳೆದು ಒರೆಸಿ ಗೋಡೆಯ ಮಾಡಿನಲ್ಲಿಟ್ಟಳು. ಮತ್ತೆಂದೂ ಕೆಲಸ ಕೇಳಲು ನನ್ನನ್ನು ಒಯ್ಯಲಿಲ್ಲ. ಇನ್ನೂ ಎಷ್ಟೋ ಬಾಗಿಲು ಅವಳಿಗೆ ಇಲ್ಲವೆಂದವು. ಒಂದು ಮಳೆಗಾಲ ಕಳೆದ ಮೇಲೆ, ಮನೆಯಿಂದ ಎರಡು ಓಣಿ ಆಚೆಗಿನ ಔಷಧಿ ಅಂಗಡಿಯವರು ಕರೆದರು. ಅಲ್ಲಿ ನಡೆದದ್ದನ್ನು ನಾನು ಕಂಡಿಲ್ಲ. ಅವಳು ಗಂಗಕ್ಕನಿಗೆ ಹೇಳುವಾಗ ಕೇಳಿದ್ದಷ್ಟೇ.

“ಮೂರು ವರ್ಷ ಏನ್ ಮಾಡಿದ್ರಿ ಅಂದ್ರು. ಇದ್ದದ್ದ ಹೇಳಿದೆ.”

“ಅದಕ್ಕ?”

“ಅದೇನ್ ಸಣ್ಣ ಕೆಲಸ ಅಲ್ಲ ಬಿಡ್ರಿ ಅಂದ್ರು. ಸೋಮವಾರದಿಂದ ಬರ್ರಿ ಅಂದ್ರು.”

ಗಂಗಕ್ಕ ಮೂಗು ಮುರಿದಳು. “ನಾ ಕೊಟ್ಟ ಉಪಾಯಕ್ಕ ಕಲಾಯಿ ರೊಕ್ಕ ದಂಡ ಆತು ಹಂಗಾರ!” ಇಬ್ಬರೂ ಕಣ್ಣೀರು ಬರುವವರೆಗೆ ನಕ್ಕರು.

ಈಗ ನನಗೆ ವಯಸ್ಸಾಗಿದೆ. ಕೊಂಡಿ ಸಡಿಲ, ಒಂದು ಡಬ್ಬಿ ಸೊಟ್ಟ. ನನ್ನೊಳಗೆ ಮೆಂತ್ಯ, ಸಾಸಿವೆ, ಜೀರಿಗೆ ತುಂಬಿಟ್ಟಿದ್ದಾಳೆ. ಮುಂಜಾನೆ ಕಸ್ತೂರಿ ಬರಿಗೈ ಬೀಸಿಕೊಂಡು ಕೆಲಸಕ್ಕೆ ಹೋಗುತ್ತಾಳೆ. ಅಂಗಡಿ ಹತ್ತಿರವೇ ಇದೆ; ಮಧ್ಯಾಹ್ನ ಮನೆಗೆ ಬಂದು, ಹಂಚಿನ ಮೇಲೆ ರೊಟ್ಟಿ ಬಡಿದು, ಬಿಸಿ ಇರುವಾಗಲೇ ಉಣ್ಣುತ್ತಾಳೆ. ಉಣ್ಣುತ್ತ ಅಪ್ಪನ ಪದ್ಯ ಗುನುಗುತ್ತಾಳೆ. ಬುತ್ತಿ ಹೊರುವುದೇ ನನ್ನ ಹುಟ್ಟಿನ ಅರ್ಥ ಎಂದುಕೊಂಡಿದ್ದೆ. ಈಗ ನಾನು ಬೇಕಾಗದ ಈ ಮಧ್ಯಾಹ್ನಗಳಿಗಾಗಿ ದಿನವೂ ದೇವರಿಗೆ ಕೈಮುಗಿಯುತ್ತೇನೆ.