ಅನ್ನೀ ತೀಸೆಯ್

ಮಾಲೂರಿನ ಚಂದ್ರಮೋಹನನಿಗೆ ಫೋಟೋ ತೆಗೆಯುವ ಹುಚ್ಚು. ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವ ಅವನು ಆಸೆಪಟ್ಟು ಕೊಂಡ ಡಿಎಸ್‌ಎಲ್‌ಆರ್ ಕ್ಯಾಮೆರಾ ಅವನಂತೆಯೇ ಮಧ್ಯಮ ವರ್ಗದ್ದು. ಮದುವೆ ಫೋಟೋದವರ ಯಂತ್ರದಷ್ಟು ದೊಡ್ಡದಲ್ಲ, ಸುಮ್ಮನೆ ಗುಂಡಿ ಒತ್ತುವವರ ಯಂತ್ರದಷ್ಟು ಚಿಕ್ಕದೂ ಅಲ್ಲ. ಹಿಂದಿನ ಪರದೆಯನ್ನು ಕಿಟಕಿ ಬಾಗಿಲಿನಂತೆ ತೆರೆದು ತಿರುಗಿಸಬಹುದು. ಅದರಲ್ಲಿ ಮುಖ ಕಂಡರೆ ಪುಟ್ಟ ಚೌಕವೊಂದು ತಾನಾಗಿ ಹೋಗಿ ಅದನ್ನು ತಬ್ಬಿಕೊಳ್ಳುತ್ತದೆ. ಇಟ್ಟಿಗೆ ಗೂಡಿನ ಹೊಗೆಯಿಂದ ಹಿಡಿದು ಮಿಂಚುಳ್ಳಿಯ ಕಣ್ಣಿನವರೆಗೆ ಎಲ್ಲವೂ ಅದಕ್ಕೆ ಸಿಕ್ಕಿದ್ದವು. ಸಿಗದೆ ಉಳಿದದ್ದು ನಂಗಲಿಯ ಅಜ್ಜಿ ಆಂಜಿನಮ್ಮನ ನಗು.

ಅಜ್ಜಿ ನಗುವವಳೇ. ಕ್ಯಾಮೆರಾ ಕಂಡರೆ ಮಾತ್ರ ಆಧಾರ್ ಕಾರ್ಡಿನ ಮುಖ ಹಾಕಿಕೊಳ್ಳುತ್ತಿದ್ದಳು. ಈಗ ಕಾಯುವಂತೆಯೂ ಇರಲಿಲ್ಲ. ಕೆನ್ನೆಯೊಳಗಿನ ಹುಣ್ಣು ಗಡ್ಡೆಯಾಗಿತ್ತು; ದವಡೆಯ ಒಂದು ಪಾಲನ್ನೇ ತೆಗೆಯಬೇಕು ಎಂದಿದ್ದರು ಡಾಕ್ಟರು. ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಕಾರು ಗೊತ್ತುಮಾಡಿಯಾಗಿತ್ತು; ಹಿಂದಿನ ಸಂಜೆಯೇ ಮೋಹನ ಕ್ಯಾಮೆರಾ ಹಿಡಿದು ನಂಗಲಿಗೆ ಬಂದಿದ್ದ. ಆ ಬಾಯಲ್ಲಿ ಆ ನಗು ಇನ್ನು ಆ ಸಂಜೆಯ ಮಟ್ಟಿಗೆ.

ಅವಳನ್ನು ನಗಿಸುವ ಮದ್ದು ಮೋಹನನ ಗಂಟಲಲ್ಲೇ ಇತ್ತು. ಪ್ಲಾಟ್‌ಫಾರಂ ಬದಲಾಯಿಸುವ ರೈಲ್ವೆ ಹೆಂಗಸಿನ ದನಿ, ಮೀಟಿಂಗಿನಲ್ಲಿ ಕೆಮ್ಮುವ ಮ್ಯಾನೇಜರನ ದನಿ, ಎಲ್ಲ ಅವನಿಗೆ ಬರುತ್ತಿದ್ದವು. ತೀರಿಕೊಂಡ ತಾತ ಶ್ರೀರಾಮಪ್ಪನದಂತೂ ತದ್ರೂಪು. ತಾತ ಹೈವೇ ಪಕ್ಕ ಲಾರಿಗಳಿಗೆ ಟೊಮೆಟೊ ತುಂಬಿಸುತ್ತಿದ್ದ. ಲಾರಿ ಹಿಂದಕ್ಕೆ ಬರುವಾಗ ಕೈಯಾಡಿಸುತ್ತ "ರಾನೀ, ರಾನೀ" ಎಂದು ಕೂಗುತ್ತಿದ್ದ. ತೆಲುಗಿನಲ್ಲಿ ಅದು 'ಬರಲಿ, ಬರಲಿ'. ಕ್ಯಾಲನೂರಿನಿಂದ ಹೊಸದಾಗಿ ಬಂದ ಆಂಜಿನಮ್ಮನಿಗೆ ಆಗ ತೆಲುಗು ಬಾರದು. ಗಂಡ ಹಾಡಹಗಲೇ ತನ್ನನ್ನು 'ರಾಣಿ' ಎನ್ನುತ್ತಿದ್ದಾನೆಂದು ಸೆರಗು ಸರಿಮಾಡಿಕೊಂಡು ಹೊರಗೆ ಬಂದರೆ, ಎದುರಿಗೆ ಬೆನ್ನು ತೋರಿಸಿಕೊಂಡು ಬರುತ್ತಿರುವ ಲಾರಿ. ಆ ಕಥೆಗೆ ಅವಳು ಇಂದಿಗೂ ಬಿದ್ದು ಬಿದ್ದು ನಗುತ್ತಿದ್ದಳು.

ಲಾರಿ ಕರೆಯಲು ಎರಡು ಕೈಯೂ ಬೇಕು. ಹಾಗಾಗಿ ಕ್ಯಾಮೆರಾ ಚಿಕ್ಕಪ್ಪ ಮುನಿಯಲ್ಲಪ್ಪನ ಕೈಗೆ ಹೋಯಿತು.

"ಚಿಕ್ಕಪ್ಪ, ಈ ಗುಂಡಿ ಒತ್ತಿದ್ರೆ ಸಾಕು. ಬೇರೆ ಏನೂ ಮುಟ್ಬೇಡಿ."

"ಟ್ರಾಕ್ಟ್ರೇ ಓಡಿಸ್ತೀನಿ ಕಣೋ ನಾನು. ಇದೇನ್ ಮಹಾ. ಬ್ರೇಕೂ ಇಲ್ಲ."

ಮೋಹನ ಟವೆಲನ್ನು ತಲೆಗೆ ಸುತ್ತಿ ಅಂಗಳಕ್ಕಿಳಿದ. ಸೊಂಟ ಬಗ್ಗಿತು, ದನಿ ಒಡೆಯಿತು. "ರಾನೀ... ರಾನೀ..." ಅಜ್ಜಿ ಕ್ಯಾಮೆರಾವನ್ನು ಮರೆತಳು. ತಲೆ ಹಿಂದಕ್ಕೆ ಚೆಲ್ಲಿ, ಉಳಿದ ಹಲ್ಲನ್ನೆಲ್ಲ ತೋರಿಸಿ ನಕ್ಕಳು. ಕ್ಯಾಮೆರಾ ಟಕಟಕ ಎಂದಿತು.

ಮುನಿಯಲ್ಲಪ್ಪ ಪರದೆ ನೋಡಿದ. ಅವನ ಮುಖ ಸಣ್ಣದಾಯಿತು.

"ಮೋಹನ, ಅಮ್ಮನ ಗಡ್ಡೆ ಎದ್ದು ಕಾಣಿಸ್ತೈತೆ ಕಣೋ. ನಾಳೆ ನೆಂಟ್ರು ನೋಡಿದ್ರೆ ಏನಂತಾರೆ. ತೆಗೆದ್ಬಿಡ್ಲಾ?"

ನಡುಅಂಗಳದಲ್ಲಿ ಇಲ್ಲದ ಲಾರಿಯನ್ನು ಹಿಂದಕ್ಕೆ ಬಿಡುತ್ತಿದ್ದ ಮೋಹನನಿಗೆ ಕೇಳಿಸಿದ್ದು ಕೊನೆಯ ಮಾತೊಂದೇ. ತಾತನ ದನಿಯಲ್ಲೇ ಗದರಿದ: "ತೀಸೆಯ್ ರಾ. ಅನ್ನೀ ತೀಸೆಯ್."

ಫೋಟೋವನ್ನೂ ತೆಗೆಯುತ್ತಾರೆ, ಹಲ್ಲನ್ನೂ ತೆಗೆಯುತ್ತಾರೆ. ತೆಲುಗಿಗೆ ಹೋದರೂ ಈ ತಾಪತ್ರಯ ತಪ್ಪದು. ಎಲ್ಲಾ ತೆಗಿ ಎಂದು ಅಪ್ಪನ ದನಿ ಹೇಳಿದ ಮೇಲೆ ಮುನಿಯಲ್ಲಪ್ಪ ಹುಟ್ಟಿದಾಗಿನಿಂದ ಎದುರಾಡಿದವನಲ್ಲ. ಕಸದ ಡಬ್ಬಿಯ ಚಿತ್ರವಿದ್ದ ಗುಂಡಿ ಕಣ್ಣಿಗೆ ಬಿತ್ತು. ಒತ್ತಿದ. ಮತ್ತೊಮ್ಮೆ ಒತ್ತಿದರೆ ಒಂದು ಹೋಯಿತು. ಶ್ರದ್ಧೆಯಿಂದ ಒಂದೊಂದಾಗಿ ಎಲ್ಲವನ್ನೂ ಕಳಿಸಿದ.

"ತೆಗೆದ್ರಾ?" ಮೋಹನ ಟವೆಲಿನಿಂದ ಬೆವರು ಒರೆಸಿಕೊಂಡು ಬಂದ.

"ಎಲ್ಲಾ ತೆಗೆದೆ. ಒಂದೂ ಬಿಟ್ಟಿಲ್ಲ."

ಪರದೆ ನೋಡಿದ ಮೋಹನ ಕ್ಯಾಮೆರಾವನ್ನು ಜಗಲಿಯ ಮೇಲೆ ಬಿಟ್ಟ; ಒಂದು ಫೋಟೋವೂ ಉಳಿದಿರಲಿಲ್ಲ. ಕೋಲಾರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಗೆಳೆಯ ಉಮಾಶಂಕರನಿಗೆ ಫೋನ್ ಮಾಡಲು ಸಿಗ್ನಲ್ ಹುಡುಕುತ್ತ ರಸ್ತೆಗೆ ಹೋದ.

"ಗಾಬರಿಯಾಗ್ಬೇಡ ಮಗಾ, ವಾಪಸ್ ಬರಿಸ್ಬಹುದು," ಎಂದ ಉಮಾಶಂಕರ. "ಅದೇ ಕಾರ್ಡ್‌ನಲ್ಲಿ ಹೊಸ ಫೋಟೋ ಮಾತ್ರ ತೆಗೀಬೇಡ. ಹಳೇದರ ಮೇಲೆ ಹೊಸದು ಕೂತ್ರೆ ಮುಗೀತು."

ಮೋಹನ ಓಡಿ ಬಂದ. ಅಷ್ಟರಲ್ಲಿ ಅಂಗಳದಿಂದ ಟಕಟಕ ಸದ್ದು ಕೇಳುತ್ತಿತ್ತು. ಆದ ಅನಾಹುತಕ್ಕೆ ತಾನೇ ಪರಿಹಾರ ಮಾಡಲು ಹೊರಟಿದ್ದ ಮುನಿಯಲ್ಲಪ್ಪ ಗುಂಡಿಯ ಮೇಲಿಟ್ಟ ಬೆರಳು ಎತ್ತಿರಲಿಲ್ಲ. "ಅಮ್ಮಾ, ಒಂದ್ಸಲ ನಗಮ್ಮ. ಒಂದೇ ಒಂದ್ಸಲ." ಕಾರ್ಡು ತುಂಬಿತ್ತು. ಎಲ್ಲದರಲ್ಲೂ ಅದೇ ಆಧಾರ್ ಕಾರ್ಡಿನ ಮುಖ.

ಮೋಹನ ಮತ್ತೆ ಟವೆಲು ಸುತ್ತಿದ. ಅಜ್ಜಿ ಕೆನ್ನೆ ಹಿಡಿದುಕೊಂಡು ತಲೆಯಾಡಿಸಿದಳು.

"ಬಿಡ್ರೋ, ನಕ್ಕೂ ನಕ್ಕೂ ಬಾಯಿ ನೋಯ್ತದೆ. ವಾಸಿಯಾಗ್ಲಿ, ಆಮೇಲೆ ನಗ್ತೀನಿ."

ಆಮೇಲೆ ಎಂಬುದು ಎಂಥದ್ದೆಂದು ಅವಳಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ಆಪರೇಷನ್ ಮುಗಿಸಿ ಬಂದ ಡಾಕ್ಟರ ಮುಖದಲ್ಲಿ ಸಮಾಧಾನವಿತ್ತು. "ಎಲ್ಲಾ ತೆಗೆದಿದ್ದೀವಿ. ಏನೂ ಬಿಟ್ಟಿಲ್ಲ." ಚಿಕ್ಕಪ್ಪನೂ ಮೋಹನನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಇಬ್ಬರನ್ನೂ ವಾರ್ಡಿನೊಳಕ್ಕೆ ಬಿಟ್ಟಾಗ ಅಜ್ಜಿಯ ಕಣ್ಣು ಬಿಟ್ಟರೆ ಉಳಿದದ್ದೆಲ್ಲ ಬ್ಯಾಂಡೇಜು. ಕಿಟಕಿಯಾಚೆ ನೀರಿನ ಟ್ಯಾಂಕರೊಂದು ಹಿಂದಕ್ಕೆ ಬರುತ್ತಿತ್ತು. ಯಾರೋ ಕೂಗುತ್ತಿದ್ದರು: "ರಾನೀ... ರಾನೀ..."

ಅಜ್ಜಿಯ ಹೆಗಲು ಅಲುಗಿತು. ಮತ್ತೆ ಅಲುಗಿತು. ಕಣ್ಣು ಕಿರಿದಾಗಿ, ಅಂಚಿನಲ್ಲಿ ನೀರು ನಿಂತಿತು.

"ಯಾರ್ರೀ ಪೇಷೆಂಟನ್ನ ನಗಿಸ್ತಿರೋದು," ನರ್ಸ್ ಧಾವಿಸಿ ಬಂದರು. "ಹೊಲಿಗೆ ಬಿಚ್ಕೊಳ್ತದೆ."

"ನಾನಲ್ಲ ಸಿಸ್ಟರ್," ಎಂದ ಮೋಹನ. ಜೀವನದಲ್ಲಿ ಮೊದಲ ಸಲ ಅದು ನಿಜವಾಗಿತ್ತು.

ಅವನ ಕೈ ಚೀಲದಿಂದ ಹೊಸ ಕಾರ್ಡು ಹಾಕಿದ್ದ ಕ್ಯಾಮೆರಾ ತೆಗೆದಿತ್ತು. ಪರದೆಯಲ್ಲಿ ಚೌಕ ಮುಖ ಹುಡುಕಿತು. ಬ್ಯಾಂಡೇಜಿನ ಮೇಲೆ ಅತ್ತಿತ್ತ ತಡಕಾಡಿತು. ಅಲ್ಲಿ ಮುಖವಿಲ್ಲವೆಂದು ತೀರ್ಮಾನಿಸಿ, ಮಂಚದ ಆಚೆ ಕಣ್ಣೊರೆಸಿಕೊಳ್ಳುತ್ತಿದ್ದ ಮುನಿಯಲ್ಲಪ್ಪನನ್ನು ತಬ್ಬಿಕೊಂಡಿತು. ಬೆರಳಿನಿಂದ ಅದನ್ನು ಸರಿಸುವುದು ಮೋಹನನಿಗೆ ಗೊತ್ತಿತ್ತು. ಸರಿಸುವಷ್ಟರಲ್ಲಿ ನರ್ಸ್ ಕಿಟಕಿ ಮುಚ್ಚಿದರು. ಅಜ್ಜಿಯ ಹೆಗಲು ಅಲುಗುವುದು ನಿಂತಿತು.

"ತೆಗೆದ್ಯೇನೋ?" ಚಿಕ್ಕಪ್ಪ ಕೇಳಿದ.

ಮೋಹನ ಕ್ಯಾಮೆರಾವನ್ನು ಚೀಲದೊಳಗಿಟ್ಟು, ಬೇರೆ ಯಾರದ್ದೂ ಅಲ್ಲದ ತನ್ನದೇ ದನಿಯಲ್ಲಿ "ಇಲ್ಲ" ಎಂದ.