ಏರದ ಹಸಿರು ಬಳೆ

ಮೂರನೆಯ ಬಳೆಯೂ ಬೆರಳಿನ ಗೆಣ್ಣಿನ ಹತ್ತಿರ ಚಟ್ಟೆಂದು ಒಡೆಯಿತು. ಹೆಣದ ಸುತ್ತ ಕುಳಿತಿದ್ದ ಹೆಂಗಸರು ಬಾಯಿಗೆ ಸೆರಗು ಹಿಡಿದರು. ಮುತ್ತೈದೆಯಾಗಿ ಹೋದವಳ ಕೈ ತುಂಬ ಹಸಿರು ಬಳೆ ಇರಬೇಕು. ಅದೂ ಸುಲ್ತಾನ್ ಬಜಾರಿನ ಬಳೆಗಾರ ಚನ್ನಬಸಪ್ಪನ ಹೆಂಡತಿಗೆ!

"ಇನ್ನೂ ದೊಡ್ಡವು ಇಲ್ಲೇನೋ ತಮ್ಮಾ?" ಅಕ್ಕ ಶಿವದೇವಿ ಕೇಳಿದಳು.

"ಇದಕ್ಕಿಂತ ದೊಡ್ಡವು ಬರಂಗಿಲ್ಲಕ್ಕಾ."

ಚನ್ನಬಸಪ್ಪ ಹೆಂಡತಿ ಗದಿಗೆಮ್ಮನ ಕೈಗೆ ಮತ್ತೆ ಸಾಬೂನು ಹಚ್ಚಿದ. ಎಂಥ ಗಿರಾಕಿಯನ್ನೂ ಮಾತಿಗೆಳೆದು, ಹೆಬ್ಬೆರಳು ಮಡಚಿ, ನೋವು ತಿಳಿಯುವುದರೊಳಗೆ ಬಳೆ ಏರಿಸುವ ಜಾಣ ಅವನು. ಈ ಕೈ ಬಾಗಲಿಲ್ಲ.

*

ಮದುವೆಯಾದಾಗ ಗದಿಗೆಮ್ಮನ ಕೈಯಿಂದ ಸಣ್ಣ ಬಳೆಯೂ ಜಾರುತ್ತಿತ್ತು. ಮಗಳು ಕೋಕಿಲಾ ಶಾಲೆಗೆ ಹೋಗುವ ಹೊತ್ತಿಗೆ ಪ್ರತಿ ಶ್ರಾವಣದಲ್ಲೂ ಬಳೆ ಬಿಗಿಯಾಗತೊಡಗಿತು. ಮೂಗು, ದವಡೆ ದಪ್ಪವಾದವು. ತಲೆನೋವಿಗೆ ಮುಲಾಮು ಹಚ್ಚಿಕೊಂಡು ಮಲಗುತ್ತಿದ್ದಳು.

"ಮತ್ತ ದೊಡ್ಡ ಬಳಿ ಬೇಕಲ್ರೀ," ಎಂದು ನಾಚುತ್ತಿದ್ದಳು.

"ಬಳಿಗಾರನ ಹೇಂತಿಗೆ ಬಳಿ ಕಡಿಮಿ ಏನು? ಹೈದರಾಬಾದ್ ನೀರು ನಿನಗ ಭಾಳ ಒಗ್ಗೇತಿ," ಎಂದು ನಗುತ್ತ ಅವನೇ ಮುಂದಿನ ಅಳತೆಯ ಡಬ್ಬಿ ಬಿಚ್ಚುತ್ತಿದ್ದ.

ಒಂದು ದಿನ ಬಜಾರಿನಲ್ಲೇ ಕಣ್ಣು ಕತ್ತಲಿಟ್ಟು ಬಿದ್ದಳು. ಬಿ.ಪಿ. ಮುಗಿಲು ಮುಟ್ಟಿತ್ತು. ಡಾಕ್ಟರು ಮೊದಲು ಕೇಳಿದ್ದು, ಕೈ ದೊಡ್ಡದಾಗುತ್ತ ಎಷ್ಟು ವರ್ಷವಾಯಿತೆಂದು. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆಯಂತೆ. ಮೈ ಬೆಳೆಸುವ ಹಾರ್ಮೋನು ಅಲ್ಲಿಂದ ಮಿತಿಮೀರಿ ಸುರಿದು ಕೈಕಾಲು ಬೆಳೆದಿದ್ದವು, ರಕ್ತದೊತ್ತಡ ಏರಿತ್ತು. ಆ ಒತ್ತಡ ಸದ್ದಿಲ್ಲದೆ ಎರಡೂ ಕಿಡ್ನಿಗಳನ್ನು ತಿಂದುಹಾಕಿತ್ತು. ಗಡ್ಡೆ ತೆಗೆದರು. ಕಿಡ್ನಿ ಮರಳಲಿಲ್ಲ, ಡಯಾಲಿಸಿಸ್ಸಿನಲ್ಲೇ ಸವೆದಳು.

ಮೊದಲೇ ಬರಬೇಕಿತ್ತು ಎಂದಿದ್ದರು ಡಾಕ್ಟರು. ಚನ್ನಬಸಪ್ಪನಿಗೆ ನೆಲ ಬಾಯಿಬಿಡಬಾರದೇ ಎನ್ನಿಸಿತ್ತು. ವರ್ಷ ವರ್ಷ ಆ ಕೈ ಹಿಡಿದು ನೋಡಿದವನು ಅವನೊಬ್ಬನೇ.

*

"ಸಾಕು ಬಿಡೋ. ಉಡ್ಯಾಗ ಹಾಕೂಣು," ಎಂದು ಶಿವದೇವಿ ಉಳಿದ ಬಳೆಗಳನ್ನು ಹೆಣದ ಮಡಿಲಿಗೆ ಕಟ್ಟಿದಳು. ಗದಿಗೆಮ್ಮ ಬರಿಗೈಯಲ್ಲೇ ಹೋದಳು. ಕುಣಿಯಲ್ಲಿ ಕುಳ್ಳಿರಿಸಿ, ವಿಭೂತಿ ಪತ್ರೆ ಹಾಕಿ ಮಣ್ಣು ಮುಚ್ಚಿದರು. ಚನ್ನಬಸಪ್ಪನಿಗೆ ಅಳುವೂ ಬರಲಿಲ್ಲ.

ಮನೆಗೆ ಬಂದು ಗೋಡೆಗೊರಗಿದವನಿಗೆ ಕೋಕಿಲಾ ನೀರಿನ ಲೋಟ ತಂದು ಹಿಡಿದಳು. ಅವನು ಲೋಟ ಮುಟ್ಟಲಿಲ್ಲ. ಅವಳ ಇನ್ನೊಂದು ಕೈ ಹಿಡಿದುಕೊಂಡ.

"ಬಳಿ ಬಿಗಿ ಆಗ್ಯಾವೇನವ್ವಾ?"

"ಇಲ್ಲಪ್ಪಾ. ಸಡ್ಲೇ ಅದಾವ."

ನಂಬಿಕೆಯಾಗಲಿಲ್ಲ. ಒಂದು ಬಳೆಯನ್ನು ಗೆಣ್ಣು ದಾಟಿಸಿ ಹೊರಗೆ ತೆಗೆದ. ಮತ್ತೆ ಏರಿಸಿದ. ಮತ್ತೆ ತೆಗೆದ.

"ಅಪ್ಪಾ, ಬಿಡು," ಎಂದಳು ಮಗಳು. ಅವನು ಇನ್ನೊಮ್ಮೆ ಏರಿಸುತ್ತಿದ್ದ.